ಮನೆಯ ಋಣ

“ಮದುವೆ ಮಾಡಿ ನೋಡು, ಮನೆ ಕಟ್ಟಿ ನೋಡು” ಎಂಬ ಗಾದೆಯನ್ನು ಕೇಳದ ಕನ್ನಡಿಗನಿಲ್ಲ. ನಿವೇಶನ ಹುಡುಕಿ, ಸಾಲ ತಂದು, ನಕ್ಷೆ ಮಂಜೂರು ಮಾಡಿಸಿ, ಸಿಮೆಂಟಿನ ಬೆಲೆ ಏರಿದಾಗ ತಲೆಯ ಮೇಲೆ ಕೈಹೊತ್ತು ಕುಳಿತು, ಮೇಸ್ತ್ರಿ ಬಾರದ ದಿನ ಬೀದಿಯ ತುದಿಯನ್ನೇ ನೋಡುತ್ತ ನಿಂತು, ಕೊನೆಗೊಂದು ದಿನ ಗೃಹಪ್ರವೇಶದ ಹೋಳಿಗೆ ಉಂಡವರಿಗೆ ಈ ಗಾದೆಯ ಅರ್ಥವನ್ನು ಬಿಡಿಸಿ ಹೇಳಬೇಕಾದ್ದಿಲ್ಲ. ಆದರೆ ಸ್ವಲ್ಪ ನಿಧಾನಿಸಿ ನೋಡಿದರೆ ಒಂದು ಸಂಗತಿ ಹೊಳೆಯುತ್ತದೆ. ಗಾದೆ ಎಣಿಸುವುದು ಕಟ್ಟಿಸುವವನ ಕಷ್ಟವನ್ನು ಮಾತ್ರ. ಆ ಮನೆಯಿಂದ ಪಕ್ಕದವನಿಗೆ ಆಗುವ ಕಷ್ಟ, ಮುಂದಿನ ಬೀದಿಯಲ್ಲಿ ನಡೆದುಹೋಗುವವನಿಗೆ ಆಗುವ ಕಷ್ಟ, ಕಲ್ಲುಮಣ್ಣು ಹೊತ್ತವರ ಕಷ್ಟ ಅದರ ಲೆಕ್ಕಕ್ಕೆ ಬಂದಿಲ್ಲ. ಮಣ್ಣಿನ ಗೋಡೆ, ನಾಡಹಂಚಿನ ಮಾಡು ಇದ್ದ ಕಾಲದಲ್ಲಿ ಮನೆಯಿಂದ ಹೊರಗಿನವರಿಗೆ ಹೇಳಿಕೊಳ್ಳುವಂಥ ತೊಂದರೆ ಇರಲಿಲ್ಲವೋ ಏನೋ. ಈಗ ಹಾಗೆನ್ನುವಂತಿಲ್ಲ.

ಆದ್ದರಿಂದ ಪ್ರಶ್ನೆಯನ್ನು ನೇರವಾಗಿಯೇ ಕೇಳೋಣ. ತನ್ನ ದುಡ್ಡಿನಿಂದ, ತನ್ನ ಜಾಗದಲ್ಲಿ, ಕಾನೂನನ್ನು ಮೀರದೆ ಒಬ್ಬನು ಮನೆಯನ್ನೋ ಕಚೇರಿಯನ್ನೋ ಕಟ್ಟಿಸಿದರೆ, ಅದರ ವಿಷಯದಲ್ಲಿ ಅವನು ಮತ್ತೊಬ್ಬರಿಗೆ ಉತ್ತರ ಹೇಳಬೇಕೆ?

“ನನ್ನ ಜಾಗ, ನನ್ನ ಇಷ್ಟ” ಎಂಬುದು ಸಾಮಾನ್ಯವಾಗಿ ಬರುವ ಉತ್ತರ. ಅದರಲ್ಲಿ ನ್ಯಾಯವಿಲ್ಲವೆಂದಲ್ಲ. ಬೇರೆಯವರ ಅಭಿರುಚಿಗೆ ತಕ್ಕಂತೆ ನಮ್ಮ ಗೋಡೆಗೆ ಬಣ್ಣ ಬಳಿಯಬೇಕೆಂದು ಯಾರೂ ಅಪ್ಪಣೆ ಮಾಡಲಾರರು. ಆದರೆ ಕಟ್ಟಡ ಇತರ ಕಲೆಗಳಂತಲ್ಲ. ಕೆಟ್ಟ ಪುಸ್ತಕವನ್ನು ಮುಚ್ಚಿಡಬಹುದು. ಕೆಟ್ಟ ಹಾಡು ಬಂದರೆ ರೇಡಿಯೋ ನಿಲ್ಲಿಸಬಹುದು. ಕೆಟ್ಟ ಕಟ್ಟಡವನ್ನು ಮುಚ್ಚಿಡುವಂತಿಲ್ಲ. ಅದು ಐವತ್ತು ಅರುವತ್ತು ವರ್ಷ ನಿಂತಲ್ಲೇ ನಿಂತು ಗಾಳಿಯನ್ನು ತಡೆಯುತ್ತದೆ, ನೆಲದ ನೀರನ್ನು ಕುಡಿಯುತ್ತದೆ, ಬಿಸಿಲನ್ನು ನುಂಗಿ ಬೀದಿಗೆ ಉಗುಳುತ್ತದೆ.

ಈ ಕಡೆಯ ಮಾತನ್ನು ಸ್ವಲ್ಪ ವಿವರಿಸಬೇಕು. ಏರ್ ಕಂಡೀಷನರ್ ಯಂತ್ರವು ತಂಪನ್ನು ಹುಟ್ಟಿಸುತ್ತದೆಂದು ಅನೇಕರ ಭಾವನೆ. ವಾಸ್ತವವಾಗಿ ಅದು ಮಾಡುವ ಕೆಲಸ ಸಾಗಾಣಿಕೆಯದು. ಒಳಗಿನ ಕಾವನ್ನು ಎತ್ತಿ ಹೊರಕ್ಕೆ ಹಾಕುತ್ತದೆ. ಹಾಗೆ ಎತ್ತಿಹಾಕಲು ತಗುಲಿದ ವಿದ್ಯುತ್ತು ಕೂಡ ಕಡೆಗೆ ಕಾವಾಗಿಯೇ ಹೊರಬೀಳುತ್ತದೆ. ಕೋಣೆಯಿಂದ ಮೂರು ಪಾಲು ಕಾವನ್ನು ತೆಗೆಯಲು ಒಂದು ಪಾಲು ವಿದ್ಯುತ್ತು ಖರ್ಚಾಯಿತೆನ್ನಿ, ಬೀದಿಗೆ ಬೀಳುವುದು ನಾಲ್ಕು ಪಾಲು. ಒಳಗಿದ್ದವನಿಗೆ ಎಷ್ಟು ತಂಪಾಯಿತೋ ಅದಕ್ಕಿಂತ ಹೆಚ್ಚು ಬಿಸಿ ಹೊರಗಿದ್ದವನಿಗೆ. ಹೊರಗಿದ್ದವನು ಯಾರು? ಬಾಗಿಲ ಕಾವಲುಗಾರ, ತಳ್ಳುಗಾಡಿಯಲ್ಲಿ ಹಣ್ಣು ಮಾರುವವ, ಬಸ್ಸಿಗೆ ಕಾದು ನಿಂತ ಹೆಂಗಸು. ಅಮೆರಿಕದ ಫೀನಿಕ್ಸ್ ನಗರವನ್ನು ಕುರಿತು 2014ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಈ ಯಂತ್ರಗಳು ಹೊರಬಿಡುವ ಕಾವಿನಿಂದಲೇ ರಾತ್ರಿಯ ಉಷ್ಣತೆ ಕೆಲವೆಡೆ 1 ಡಿಗ್ರಿಗಿಂತ ಹೆಚ್ಚು ಏರುತ್ತದೆಂದು ಲೆಕ್ಕ ಹಾಕಿ ತೋರಿಸಿದ್ದಾರೆ. ಹೀಗಿರುವಾಗ “ನನ್ನ ಜಾಗ” ಎಂಬ ಮಾತು ಎಲ್ಲಿಗೆ ಮುಗಿಯುತ್ತದೆ? ಗೋಡೆ ನನ್ನದು, ಸರಿ. ಗೋಡೆಯಾಚೆ ಹೋದ ಕಾವು ಯಾರದು?

ನಮ್ಮ ಹಿರಿಯರು ಮನುಷ್ಯನು ಹುಟ್ಟುವಾಗಲೇ ಋಣಗಳನ್ನು ಹೊತ್ತು ಬರುತ್ತಾನೆಂದರು. ದೇವಋಣ, ಋಷಿಋಣ, ಪಿತೃಋಣ ಎಂದು ಮೂರು. ಮನುಷ್ಯಋಣವೆಂಬ ನಾಲ್ಕನೆಯದನ್ನೂ ಸೇರಿಸಿ ಹೇಳುವುದುಂಟು. ಈ ಮಾತಿನಲ್ಲಿ ನಂಬಿಕೆ ಇದ್ದವರಿಗೂ ಇಲ್ಲದವರಿಗೂ ಒಪ್ಪಿಗೆಯಾಗಬಹುದಾದ ಒಂದು ಅಂಶವಿದೆ: ನಾವು ಬರೆದುಕೊಟ್ಟ ಪತ್ರದಿಂದ ಆದ ಸಾಲವೇ ಸಾಲವೆಂದಿಲ್ಲ. ಕೇಳದೆಯೇ ಪಡೆದದ್ದೂ ಸಾಲವೇ. ಬ್ಯಾಂಕಿನ ಸಾಲಕ್ಕೆ ಕಂತು ಕಟ್ಟುವ ನಾವು, ಮನೆ ಕಟ್ಟುವಾಗ ಮಣ್ಣಿನಿಂದ, ಹೊಳೆಯಿಂದ, ನೆರೆಯವರಿಂದ, ದುಡಿದವರಿಂದ ಪಡೆದ ಸಾಲಕ್ಕೆ ಯಾವ ಕಂತು ಕಟ್ಟುತ್ತಿದ್ದೇವೆ? ಜಗತ್ತಿನಲ್ಲಿ ಮನುಷ್ಯರಿಂದ ಹೊರಬೀಳುವ ಇಂಗಾಲದ ಡೈ ಆಕ್ಸೈಡಿನಲ್ಲಿ ಶೇಕಡಾ 7ರಿಂದ 8ರಷ್ಟು ಸಿಮೆಂಟಿನ ತಯಾರಿಕೆಯಿಂದಲೇ ಬರುತ್ತದೆನ್ನುತ್ತಾರೆ. ಆ ಲೆಕ್ಕದಲ್ಲಿ ನಮ್ಮ ನಮ್ಮ ಮನೆಯ ಮೂಟೆಗಳೂ ಸೇರಿವೆ.

ಕಟ್ಟಡದ ವಿದ್ಯೆ ಈ ಲೆಕ್ಕವನ್ನು ತಾನಾಗಿ ಕಲಿಸುವುದಿಲ್ಲ. ಕಂಬದ ಮೇಲೆ ಎಷ್ಟು ಭಾರ ಬೀಳುತ್ತದೆಂಬುದನ್ನು ಇಂಜಿನಿಯರು ಅಂಗುಲ ಅಂಗುಲವಾಗಿ ಎಣಿಸುತ್ತಾನೆ. ನೆರೆಯವನ ಮೇಲೆ ಎಷ್ಟು ಭಾರ ಬೀಳುತ್ತದೆಂದು ಎಣಿಸುವ ಸೂತ್ರ ಅವನ ಪುಸ್ತಕದಲ್ಲಿಲ್ಲ. ಆದ್ದರಿಂದಲೇ ಕಳೆದ ಕೆಲವು ದಶಕಗಳಲ್ಲಿ ಸೂಕ್ಷ್ಮ ಮನಸ್ಸಿನ ವಾಸ್ತುಶಿಲ್ಪಿಗಳು ತಮ್ಮ ವಿದ್ಯೆಯ ಬೇಲಿ ದಾಟಿ ಜೀವಶಾಸ್ತ್ರ, ಸಮಾಜಶಾಸ್ತ್ರ, ವೈದ್ಯವೇ ಮೊದಲಾದ ಅನ್ಯವಿದ್ಯೆಗಳ ಬಾಗಿಲು ತಟ್ಟಿದ್ದಾರೆ. ಅವುಗಳಲ್ಲಿ ಬಹಳ ಹೆಸರಾದದ್ದು ಜಿಂಬಾಬ್ವೆಯ ರಾಜಧಾನಿ ಹರಾರೆಯಲ್ಲಿರುವ ಈಸ್ಟ್‌ಗೇಟ್ ಎಂಬ ಕಟ್ಟಡ. ಅದರ ಕತೆ ನಮ್ಮ ಪ್ರಶ್ನೆಗೆ ಬೆಳಕು ಕೊಡುವಂಥದ್ದು.

ಈಸ್ಟ್‌ಗೇಟ್ 1996ರಲ್ಲಿ ತೆರೆಯಿತು. ವಾಸ್ತುಶಿಲ್ಪಿ ಮಿಕ್ ಪಿಯರ್ಸ್. ಇಂಜಿನಿಯರುಗಳು ಅರೂಪ್ ಸಂಸ್ಥೆಯವರು. ಅಂಗಡಿಗಳೂ ಕಚೇರಿಗಳೂ ಇರುವ ದೊಡ್ಡ ಕಟ್ಟಡ. ಅಷ್ಟು ದೊಡ್ಡ ಕಟ್ಟಡಕ್ಕೆ ಹವಾನಿಯಂತ್ರಣದ ಯಂತ್ರವನ್ನು ಹಾಕಬೇಕಾದರೆ ವಿದೇಶದಿಂದ ತರಿಸಬೇಕು, ಕೆಟ್ಟರೆ ಬಿಡಿಭಾಗಕ್ಕೂ ವಿದೇಶಕ್ಕೇ ಬರೆಯಬೇಕು. ಬಡದೇಶಕ್ಕೆ ಅದು ಹೊರೆ. ಪಿಯರ್ಸರು ಬೇರೆ ದಾರಿ ಹುಡುಕುತ್ತ ಆ ನಾಡಿನ ಬಯಲುಗಳಲ್ಲಿ ಆಳೆತ್ತರಕ್ಕೂ ಮೀರಿ ನಿಲ್ಲುವ ಹುತ್ತಗಳ ಕಡೆ ನೋಡಿದರು. ಗೆದ್ದಲುಗಳು ಹುತ್ತದೊಳಗೆ ಒಂದು ಬಗೆಯ ಅಣಬೆಯನ್ನು ಬೆಳೆಸುತ್ತವೆ. ಮೊದಲ ಮಳೆಗೆ ನಮ್ಮ ಕಡೆಯ ಹುತ್ತಗಳ ಬಳಿ ಏಳುವ ಅಣಬೆ ಆ ಜಾತಿಯದೇ. ಆ ಬೆಳೆಗೆ ಹದವಾದ ವಾತಾವರಣ ಬೇಕು. ಯಂತ್ರವಿಲ್ಲದೆ ಗೆದ್ದಲು ಅದನ್ನು ಸಾಧಿಸುವುದಾದರೆ ಮನುಷ್ಯನೇಕೆ ಸಾಧಿಸಬಾರದು ಎಂಬುದು ಅವರ ವಿಚಾರ.

ಹರಾರೆ ಸಮುದ್ರಮಟ್ಟದಿಂದ ಸುಮಾರು 1,500 ಮೀಟರ್ ಎತ್ತರದ ಊರು. ಹಗಲು ಬಿಸಿಲು, ರಾತ್ರಿ ಚಳಿ. ಆ ರಾತ್ರಿಯ ತಂಪನ್ನು ಹಿಡಿದಿಟ್ಟು ಹಗಲಿನಲ್ಲಿ ಬಳಸುವುದೇ ಕಟ್ಟಡದ ಗುಟ್ಟು. ಒಂಬತ್ತು ಮಹಡಿಯ ಎರಡು ಸಾಲು, ನಡುವೆ ಗಾಜಿನ ಮಾಡಿನ ಉದ್ದನೆಯ ಅಂಗಳ. ರಾತ್ರಿ ಫ್ಯಾನುಗಳು ಅಂಗಳದ ತಂಪುಗಾಳಿಯನ್ನು ಎಳೆದು ಟೊಳ್ಳಾದ ನೆಲಗಟ್ಟುಗಳೊಳಗೆ ಹಾಯಿಸುತ್ತವೆ. ಕಾಂಕ್ರೀಟು ರಾತ್ರಿಯೆಲ್ಲ ತಣ್ಣಗಾಗಿ, ಹಗಲಿನಲ್ಲಿ ತನ್ನ ಮೇಲೆ ಹಾದುಬರುವ ಗಾಳಿಯನ್ನು ತಂಪು ಮಾಡುತ್ತದೆ. ಬಿಸಿಯಾದ ಗಾಳಿ ಮಾಡಿನ ಮೇಲಿನ 48 ಇಟ್ಟಿಗೆಯ ಚಿಮಣಿಗಳ ಮೂಲಕ ಹೊರಹೋಗುತ್ತದೆ. ಕಿಟಕಿಗಳು ಹೊರಗೋಡೆಯ ಕಾಲುಪಾಲಿಗೆ ಮೀರಿಲ್ಲ. ಬಿಸಿಲು ಗೋಡೆಗೆ ನೇರವಾಗಿ ಬೀಳದಂತೆ ಚಾಚುಗಳಿವೆ. ಅದೇ ನಗರದ ಆರು ಹವಾನಿಯಂತ್ರಿತ ಕಟ್ಟಡಗಳ ಸರಾಸರಿಗಿಂತ ಇದು ಶೇಕಡಾ 35ರಷ್ಟು ಕಡಿಮೆ ಶಕ್ತಿಯಲ್ಲಿ ನಡೆಯಿತೆಂದು ಕಟ್ಟಿದವರು ಲೆಕ್ಕ ಕೊಟ್ಟರು. ಇದೇ ಪಿಯರ್ಸರು ಸೇರಿ ಮೆಲ್ಬರ್ನಿನಲ್ಲಿ ರೂಪಿಸಿದ ನಗರಸಭೆಯ ಕಚೇರಿ 2006ರಲ್ಲಿ ತೆರೆದು ಅದೂ ಹೆಸರಾಯಿತು.

ಇಷ್ಟಕ್ಕೇ ನಿಲ್ಲಿಸಿದ್ದರೆ ಇದು ಶಾಲೆಯ ಪಠ್ಯಪುಸ್ತಕಕ್ಕೆ ಒಪ್ಪುವ ನೀತಿಕತೆಯಾಗುತ್ತಿತ್ತು. ಆದರೆ ಕತೆ ಮುಂದುವರಿಯಿತು.

ಹುತ್ತದೊಳಗಿನ ಗಾಳಿಯ ವಿಷಯದಲ್ಲಿ ಅಂದು ಎಲ್ಲರೂ ನಂಬಿದ್ದ ವಿವರಣೆ, ಸ್ವಿಟ್ಜರ್ಲೆಂಡಿನ ಮಾರ್ಟಿನ್ ಲೂಷರ್ ಎಂಬ ವಿಜ್ಞಾನಿ 1961ರಲ್ಲಿ ಬರೆದದ್ದು. ಗೂಡಿನ ಕಾವಿಗೆ ಗಾಳಿ ಮೇಲೇರಿ, ಹುತ್ತದ ಗೋಡೆಗಳಲ್ಲಿ ಹರಿದು, ತಣಿದು ಮತ್ತೆ ಕೆಳಗಿಳಿಯುತ್ತದೆಂಬುದು ಅದರ ಸಾರ. 2008ರಲ್ಲಿ ಸ್ಕಾಟ್ ಟರ್ನರ್ ಮತ್ತು ರೂಪರ್ಟ್ ಸೋರ್ ಎಂಬ ಇಬ್ಬರು, ಆಫ್ರಿಕದ ಹುತ್ತಗಳನ್ನು ವರ್ಷಗಟ್ಟಲೆ ಪರೀಕ್ಷಿಸಿ, ಈ ವಿವರಣೆ ನಿಲ್ಲುವುದಿಲ್ಲವೆಂದರು. ಹುತ್ತ ಗೂಡಿನ ಉಷ್ಣತೆಯನ್ನು ಕಾಯುತ್ತದೆಂಬುದಕ್ಕೇ ಆಧಾರವಿಲ್ಲ. ಗೂಡಿನ ಬಿಸಿ ಸುತ್ತಲ ನೆಲದ ಬಿಸಿಯಂತೆಯೇ ಋತುವಿಗೆ ತಕ್ಕ ಹಾಗೆ ಏರುತ್ತದೆ, ಇಳಿಯುತ್ತದೆ. ಹುತ್ತದ ಕೆಲಸ ಶ್ವಾಸಕೋಶದ್ದು, ಬೀಸುವ ಗಾಳಿಯ ಏರಿಳಿತದಿಂದ ಅದು ಉಸಿರಾಡುತ್ತದೆ ಎಂಬುದು ಅವರ ಮತ. ನಮಗೆ ಇನ್ನೂ ಹತ್ತಿರದ ಸಂಗತಿಯೆಂದರೆ, 2015ರಲ್ಲಿ ಹಂಟರ್ ಕಿಂಗ್, ಸ್ಯಾಮ್ಯುಯೆಲ್ ಒಕೊ ಮತ್ತು ಎಲ್. ಮಹಾದೇವನ್ ಅವರು ಪ್ರಕಟಿಸಿದ ಶೋಧನೆ. ಅವರು ಅಳತೆ ತೆಗೆದದ್ದು ನಮ್ಮ ಬೆಂಗಳೂರಿನ ಹುತ್ತಗಳಲ್ಲಿ. ಹಗಲು ಹುತ್ತದ ಹೊರಮೈಯ ಏಣುಗಳು ಬೇಗ ಕಾಯ್ದು ಅಲ್ಲಿ ಗಾಳಿ ಮೇಲೇರುತ್ತದೆ, ನಡುವೆ ಕೆಳಗಿಳಿಯುತ್ತದೆ. ರಾತ್ರಿ ಹೊರಮೈ ತಣಿದಾಗ ಅದೇ ಗಾಳಿ ತಿರುಗುಮುರುಗಾಗಿ ಹರಿಯುತ್ತದೆ. ಹಗಲು ರಾತ್ರಿಗಳ ಅಂತರವೇ ಹುತ್ತದ ಉಸಿರು.

ಹಾಗಾದರೆ ಹರಾರೆಯ ಕಟ್ಟಡ ತಪ್ಪಾಗಿ ಓದಿದ ಪಾಠದ ಮೇಲೆ ನಿಂತಿತೆಂದಾಯಿತು. ಸೋಜಿಗವೆಂದರೆ, ಪಾಠ ತಪ್ಪಾದರೂ ಕಟ್ಟಡ ತಂಪಾಗಿಯೇ ಉಳಿಯಿತು. ಇದನ್ನು ಹೇಗೆ ಅರ್ಥಮಾಡಿಕೊಳ್ಳಬೇಕು?

ನನಗೆ ಏಕಲವ್ಯನ ನೆನಪಾಗುತ್ತದೆ. ಅವನೆದುರು ಇದ್ದದ್ದು ದ್ರೋಣನಲ್ಲ, ದ್ರೋಣನ ಮಣ್ಣಿನ ಬೊಂಬೆ. ಬೊಂಬೆ ಬಿಲ್ಲು ಹಿಡಿಯುವುದನ್ನು ಕಲಿಸಲಿಲ್ಲ. ಕಲಿಸಬಲ್ಲವನೊಬ್ಬನಿದ್ದಾನೆ, ತಾನು ಅವನೆದುರು ಶಿಷ್ಯನೆಂಬ ಭಾವನೆಯನ್ನು ಅದು ಕೊಟ್ಟಿತು. ಉಳಿದದ್ದು ಅವನ ಸಾಧನೆ. ಮಣ್ಣಿನ ಹುತ್ತವೂ ಪಿಯರ್ಸರಿಗೆ ಅಂಥ ಗುರು. ಅದು ಅವರಿಗೆ ಕೊಟ್ಟದ್ದು ಉತ್ತರವನ್ನಲ್ಲ, ಒಂದು ಪ್ರಶ್ನೆಯನ್ನು: ಈ ನೆಲದ ಮಣ್ಣು, ಈ ಊರಿನ ಹಗಲು ರಾತ್ರಿ, ಇಲ್ಲಿ ಬೀಸುವ ಗಾಳಿ ಇಷ್ಟರಲ್ಲೇ ಬದುಕುವುದು ಸಾಧ್ಯವೆ? ಆ ಪ್ರಶ್ನೆಯನ್ನು ಮನಸ್ಸಿಟ್ಟು ಕೇಳಿಕೊಂಡದ್ದರಿಂದ ಕಟ್ಟಡ ಒಳ್ಳೆಯದಾಯಿತು. ಆದ್ದರಿಂದ ಅನ್ಯವಿದ್ಯೆಯಿಂದ ಆಕಾರವನ್ನೋ ಉಪಾಯವನ್ನೋ ಎರವಲು ತರುವುದು ಗೌಣ. ತನ್ನ ವಿದ್ಯೆ ಕೇಳದ ಪ್ರಶ್ನೆಯನ್ನು ಅಲ್ಲಿಂದ ತರುವುದು ಮುಖ್ಯ.

ಈ ಭೇದವನ್ನು ಮರೆತರೆ ಪ್ರಕೃತಿಯ ಅನುಕರಣೆ ಬರಿಯ ಅಲಂಕಾರವಾಗುತ್ತದೆ. ಮುಂಬದಿಗೆ ಎಲೆಯ ಆಕಾರದ ಉಕ್ಕಿನ ಜಾಲರಿ, ಒಳಗೆ ಕುಂಡದಲ್ಲಿ ನಾಲ್ಕು ಗಿಡ, ಸುತ್ತ ಪಡುವಣ ಬಿಸಿಲಿಗೆ ಮೈಯೊಡ್ಡಿದ ಗಾಜು. ಒಳಗಿದ್ದವರು ಬದುಕಬೇಕಾದರೆ ಯಂತ್ರ ಹಗಲಿಡೀ ಓಡಬೇಕು. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ. ಹರಾರೆಯಂತೆ ಇದೂ ಪ್ರಸ್ಥಭೂಮಿಯ ಊರು. ವರ್ಷದ ಹೆಚ್ಚಿನ ರಾತ್ರಿಗಳು ಇಲ್ಲಿ ತಣ್ಣಗೇ ಇರುತ್ತವೆ. ಪುಕ್ಕಟೆಯಾಗಿ ಬರುವ ಆ ತಂಪನ್ನು ಬಾಗಿಲಲ್ಲೇ ತಡೆದು, ದುಡ್ಡು ಕೊಟ್ಟು ತಂಪನ್ನು ಕೊಳ್ಳುವುದಕ್ಕೆ ನಾಗರಿಕತೆಯೆಂದು ಹೆಸರಿಟ್ಟಿದ್ದೇವೆ.

ಇನ್ನೊಂದು ಅಪಾಯವೂ ಉಂಟು. ಪ್ರಕೃತಿ ದೊಡ್ಡ ಗುರುವೆಂಬ ಉತ್ಸಾಹದಲ್ಲಿ ಎಲ್ಲ ಪಾಠಕ್ಕೂ ಅದರ ಬಳಿಗೇ ಹೋಗುವಂತಿಲ್ಲ. ಗೆದ್ದಲಿನ ರಾಜ್ಯದಲ್ಲಿ ಕೆಲಸಗಾರ ಹುಳು ಹುಟ್ಟಿನಿಂದ ಸಾಯುವ ತನಕ ಕೆಲಸಗಾರನೇ. ಅದರ ಇಷ್ಟವನ್ನು ಯಾರೂ ಕೇಳುವುದಿಲ್ಲ. ಕೇಳಿದರೆ ಹೇಳಲು ಅದಕ್ಕೆ ಇಷ್ಟವೆಂಬುದೂ ಇಲ್ಲ. ಹುತ್ತದ ವ್ಯವಸ್ಥೆಯನ್ನು ಪೂರ್ತಿಯಾಗಿ ಅನುಕರಿಸಿದರೆ ತಂಪಾದ ಮನೆಯೇನೋ ಸಿಕ್ಕೀತು, ಅದು ಗುಲಾಮರ ಮನೆಯಾದೀತು. ಗಾಳಿಯಾಡುವ ಬಗೆಯನ್ನು ಜೀವಶಾಸ್ತ್ರ ಕಲಿಸಬಹುದು. ನ್ಯಾಯವನ್ನು ಮನುಷ್ಯರೇ ಕೂತು ಕಲಿಯಬೇಕು.

ಇದಕ್ಕೆ ಈಜಿಪ್ಟಿನ ಹಸನ್ ಫಾತಿಯವರ ಅನುಭವ ನಿದರ್ಶನ. ಲಕ್ಸರ್ ನಗರದೆದುರು, ನೈಲ್ ನದಿಯ ಪಶ್ಚಿಮ ದಂಡೆಯಲ್ಲಿ, ಪ್ರಾಚೀನ ಗೋರಿಗಳ ಮೇಲೆಯೇ ಗುರ್ನ ಎಂಬ ಹಳ್ಳಿ ಬೆಳೆದಿತ್ತು. ಗೋರಿಗಳ ರಕ್ಷಣೆಗಾಗಿ ಸುಮಾರು 7,000 ಜನರನ್ನು ಅಲ್ಲಿಂದ ಎಬ್ಬಿಸಿ ಹೊಸ ಊರಿಗೆ ಸಾಗಿಸಬೇಕೆಂದು ಸರ್ಕಾರ ನಿಶ್ಚಯಿಸಿ, ಆ ಕೆಲಸವನ್ನು 1945ರಲ್ಲಿ ಫಾತಿಯವರಿಗೆ ಒಪ್ಪಿಸಿತು. ಅವರು ಸಾಮಾನ್ಯರಲ್ಲ. ಮರದ ಆಸರೆಯಿಲ್ಲದೆ ಹಸಿ ಇಟ್ಟಿಗೆಯಲ್ಲೇ ಕಮಾನಿನ ಮಾಡು ಕಟ್ಟುವ ನ್ಯೂಬಿಯಾದ ಮೇಸ್ತ್ರಿಗಳ ವಿದ್ಯೆಯನ್ನು ಹುಡುಕಿ ತಂದರು. ಸಿಮೆಂಟು ಉಕ್ಕುಗಳ ಹಂಗಿಲ್ಲದೆ ತಂಪಾದ, ಅಗ್ಗವಾದ, ನೋಡಲು ಚೆಲುವಾದ ಮನೆಗಳನ್ನು ರೂಪಿಸಿದರು. ಮಸೀದಿ, ಸಂತೆಮಾಳ, ಶಾಲೆ, ನಾಟಕಶಾಲೆಗಳನ್ನೂ ಮರೆಯಲಿಲ್ಲ. ಆದರೂ ಮೂರು ವರ್ಷಗಳಲ್ಲಿ ಕೆಲಸ ನಿಂತಿತು, ಊರು ಪೂರ್ತಿಯಾಗಲಿಲ್ಲ. ಗುರ್ನದ ಜನ ಬರಲೊಲ್ಲರು. ಅವರಲ್ಲಿ ಅನೇಕರ ಜೀವನ ಆ ಗೋರಿಗಳನ್ನೇ ನಂಬಿಕೊಂಡಿತ್ತು. ಫಾತಿಯವರು ಈ ಪ್ರಯತ್ನವನ್ನು ಕುರಿತು ಬರೆದ ಪುಸ್ತಕ 1969ರಲ್ಲಿ ಕೈರೋದಲ್ಲಿ ಪ್ರಕಟವಾಗಿ, ಮುಂದೆ ಲೋಕದ ಎಲ್ಲ ಕಡೆಯ ವಾಸ್ತುಶಿಲ್ಪಿಗಳೂ ಓದುವ ಗ್ರಂಥವಾಯಿತು. ಮನೆ ಎಷ್ಟೇ ಒಳ್ಳೆಯದಿರಲಿ, ಅದಕ್ಕೆ ಮುಂಚೆ ಕೇಳಬೇಕಾದ ಒಂದು ಮಾತಿತ್ತು: ನಿಮಗೆ ಬರಲು ಮನಸ್ಸಿದೆಯೆ? ಆ ಮಾತನ್ನು ಕೇಳುವ ಅಧಿಕಾರ ವಾಸ್ತುಶಿಲ್ಪಿಗಿರಲಿಲ್ಲ. ಅಧಿಕಾರವಿದ್ದ ಸರ್ಕಾರ ಕೇಳಲಿಲ್ಲ.

ನೆರೆಯ ಕೇರಳದ ಲಾರಿ ಬೇಕರರದು ಇದಕ್ಕೆ ಪೂರಕವಾದ ಉದಾಹರಣೆ. ಇಂಗ್ಲೆಂಡಿನಲ್ಲಿ ಹುಟ್ಟಿದ ಬೇಕರರು ವಾಸ್ತುಶಿಲ್ಪ ಓದಿ, ಎರಡನೆಯ ಮಹಾಯುದ್ಧದ ಕಾಲದಲ್ಲಿ ಚೀನಾದಲ್ಲಿ ರೋಗಿಗಳ ಶುಶ್ರೂಷೆ ಮಾಡಿ, 1945ರಲ್ಲಿ ಕುಷ್ಠರೋಗಿಗಳ ಆಸ್ಪತ್ರೆಗಳ ಕಟ್ಟಡದ ಕೆಲಸಕ್ಕೆಂದು ಭಾರತಕ್ಕೆ ಬಂದರು. ಮುಂದೆ ಹಿಮಾಲಯದ ಪಿಥೋರಗಢದಲ್ಲಿ ವೈದ್ಯರಾದ ಪತ್ನಿಯೊಡನೆ ಬಹುಕಾಲ ಇದ್ದು ಅಲ್ಲಿಯ ಜನರು ಮನೆ ಕಟ್ಟುವ ರೀತಿಯನ್ನು ನೋಡಿ ಕಲಿತರು. ಒಳ್ಳೆಯ ವೈದ್ಯನು ಮೊದಲು ನಾಡಿ ಹಿಡಿದು ರೋಗಿಯ ಮಾತು ಕೇಳುತ್ತಾನೆ, ಔಷಧದ ಮಾತು ಆಮೇಲೆ. ಬೇಕರರ ಕೆಲಸದಲ್ಲಿ ಈ ಕ್ರಮ ಕಾಣುತ್ತದೆ. ಮುಂದೆ ತಿರುವನಂತಪುರದಲ್ಲಿ ಅವರು ಕಟ್ಟಿದ ಮನೆಗಳಲ್ಲಿ ಇದ್ದ ಮರ ಉಳಿದು ಗೋಡೆ ಬಾಗಿತು. ಕಿಟಕಿಯ ಬದಲು ಇಟ್ಟಿಗೆಯ ಜಾಲಂದ್ರ ಬಂತು. ಇಟ್ಟಿಗೆಗಳನ್ನು ನಿಲ್ಲಿಸಿ ನಡುವೆ ಟೊಳ್ಳು ಬಿಡುವ ಕ್ರಮದಿಂದ ಕಾಲುಭಾಗದಷ್ಟು ಇಟ್ಟಿಗೆ ಉಳಿಯಿತು, ಮನೆಯೂ ತಂಪಾಯಿತು. ಅವರು 2007ರಲ್ಲಿ ತೀರಿಕೊಂಡರು.

ನಮ್ಮಲ್ಲಿಯೂ ಇಂಥ ಕೆಲಸ ನಡೆದಿಲ್ಲವೆಂದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳುತನದಲ್ಲಿ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ವಿಭಾಗ ಹುಟ್ಟಿತು. ಮಣ್ಣಿಗೆ ಅಲ್ಪಸ್ವಲ್ಪ ಸಿಮೆಂಟು ಬೆರೆಸಿ, ಕೈಯಂತ್ರದಲ್ಲಿ ಒತ್ತಿ, ಸುಡದೆಯೇ ಗಟ್ಟಿ ಇಟ್ಟಿಗೆ ಮಾಡುವ ವಿಧಾನವನ್ನು ಅಲ್ಲಿ ರೂಢಿಗೆ ತಂದರು. ಇದರ ಮುಂದಿನ ಚರಿತ್ರೆಯಲ್ಲಿ ಯೋಚಿಸಬೇಕಾದದ್ದಿದೆ. ಹಳ್ಳಿಯ ಬಡವನನ್ನು ಮನಸ್ಸಿನಲ್ಲಿಟ್ಟು ಮಾಡಿದ ಇಟ್ಟಿಗೆಯನ್ನು ಪ್ರೀತಿಯಿಂದ ಕೊಂಡವರಲ್ಲಿ ಪಟ್ಟಣದ ಓದಿದವರು ಬಹಳ. ಹಳ್ಳಿಯವನಿಗೆ ಸಿಮೆಂಟಿನ ಮನೆಯ ಆಸೆ. ಅವನನ್ನು ತಪ್ಪೆನ್ನಲಾಗದು. ಮಣ್ಣಿನ ಗೋಡೆಯೆಂದರೆ ನಮಗೆ ಅಭಿರುಚಿ. ಮಳೆಗಾಲದಲ್ಲಿ ಅದು ಕುಸಿದದ್ದನ್ನು ಕಂಡವನಿಗೆ ಅದು ಬಡತನದ ಗುರುತು. ಅವನ ಮರ್ಯಾದೆಯ ಪ್ರಶ್ನೆಯನ್ನು ಲೆಕ್ಕಕ್ಕೆ ಹಿಡಿಯದ ಪರಿಸರಪ್ರೇಮ ಅರ್ಧ ಪ್ರೇಮವೇ ಸರಿ.

ಹಳೆಯ ಮನೆಗಳ ವಿಷಯದಲ್ಲಿಯೂ ಇದೇ ಎಚ್ಚರ ಬೇಕು. ತೊಟ್ಟಿಯ ಮನೆಯ ತಂಪು, ಬೆಳಕು, ಗಾಳಿಗಳನ್ನು ಹೊಗಳದವರಿಲ್ಲ. ಮುಂಭಾಗದ ಜಗಲಿಯಂತೂ ಮನೆ ಬೀದಿಗೆ ಸಲ್ಲಿಸಿದ ಕಂತೆಂದೇ ಹೇಳಬಹುದು. ದಾರಿಹೋಕನು ಯಾರನ್ನೂ ಕೇಳದೆ ಬಿಸಿಲಿಗೆ ಒಂದು ಗಳಿಗೆ ಕೂರುತ್ತಿದ್ದ. ಆದರೆ ಅದೇ ಜಗಲಿಯಿಂದ ಒಳಕ್ಕೆ ಬರಬಾರದವರು ಯಾರು, ಜಗಲಿಯನ್ನೂ ಏರದೆ ಅಂಗಳದಲ್ಲೇ ನಿಲ್ಲಬೇಕಾದವರು ಯಾರು ಎಂಬುದನ್ನೂ ಆ ಮನೆಗಳೇ ನಿರ್ಣಯಿಸುತ್ತಿದ್ದವು. ನಾವು ಜಗಲಿಯನ್ನು ಮತ್ತೆ ಕಟ್ಟಿದರೆ ನೆರಳನ್ನು ಉಳಿಸಿಕೊಂಡು ಆ ಗೆರೆಯನ್ನು ಬಿಡಬೇಕು.

“ಇದೆಲ್ಲ ದೊಡ್ಡವರ ಮಾತಾಯಿತು. ಮೂವತ್ತು ನಲವತ್ತರ ನಿವೇಶನದಲ್ಲಿ ಸಾಲ ಮಾಡಿ ಕಟ್ಟುವ ಗುಮಾಸ್ತ ಇಷ್ಟು ಋಣಗಳನ್ನು ಹೇಗೆ ತೀರಿಸಿಯಾನು?” ಎಂದು ಯಾರಾದರೂ ಕೇಳಿದರೆ ಆ ಆಕ್ಷೇಪಣೆ ನ್ಯಾಯವಾದದ್ದೇ. ಅವನು ಎಲ್ಲವನ್ನೂ ತೀರಿಸಲಾರ. ಆದರೆ ನಕ್ಷೆ ಬರೆಸುವ ದಿನ ಮೂರು ಪ್ರಶ್ನೆ ಕೇಳಲು ಅವನಿಗೆ ಖರ್ಚಿಲ್ಲ. ಈ ಮನೆಯ ಕಾವು ಎಲ್ಲಿಗೆ ಹೋಗುತ್ತದೆ? ಇದರ ಮೇಲೆ ಬಿದ್ದ ಮಳೆಯ ನೀರು ಎಲ್ಲಿಗೆ ಹೋಗುತ್ತದೆ? ಇದನ್ನು ಕಟ್ಟುವವರು ರಾತ್ರಿ ಎಲ್ಲಿ ಮಲಗುತ್ತಾರೆ? ಎರಡನೆಯ ಪ್ರಶ್ನೆಯನ್ನು ಬೆಂಗಳೂರಿನಲ್ಲಿ 2009ರಿಂದ ಕಾನೂನೇ ಕೇಳುತ್ತಿದೆ. ಹೊಸ ಮನೆಗಳಲ್ಲಿ ಮಳೆನೀರಿನ ಸಂಗ್ರಹಕ್ಕೆ ಏರ್ಪಾಡಿರಬೇಕು. ಮೊದಲನೆಯದಕ್ಕೆ ಉತ್ತರವಾಗಿ ಪಡುವಣ ಗೋಡೆಗೊಂದು ಮರ, ಕಿಟಕಿಗೊಂದು ಚಾಚು, ಮೇಲೆ ಬಿಸಿಗಾಳಿ ಹೋಗಲೊಂದು ದಾರಿ ಬಂದರೆ ಖರ್ಚು ಇಳಿದೀತೇ ಹೊರತು ಏರಲಾರದು.

ಉಳಿದದ್ದು ಮೂರನೆಯದು. ನಮ್ಮಲ್ಲಿ ಗೃಹಪ್ರವೇಶದ ದಿನ ಮೇಸ್ತ್ರಿಗೆ, ಬಡಗಿಗೆ ಬಟ್ಟೆ ಕೊಟ್ಟು ಊಟಕ್ಕೆ ಕೂರಿಸುವ ಪದ್ಧತಿಯಿದೆ. ಒಂದು ದಿನದ ಮಟ್ಟಿಗಾದರೂ ಋಣವನ್ನು ಒಪ್ಪಿಕೊಳ್ಳುವ ಒಳ್ಳೆಯ ಪದ್ಧತಿ. ಉಳಿದ ದಿನಗಳಲ್ಲಿ, ಅದೇ ಮನೆಗೆ ಗಾರೆ ಹೊತ್ತವರ ಸಂಸಾರ ಪಕ್ಕದ ಖಾಲಿ ನಿವೇಶನದ ತಗಡಿನ ಶೆಡ್ಡಿನಲ್ಲಿ ಬೇಯುತ್ತಿರುತ್ತದೆ. ಹುತ್ತವನ್ನು ಕಟ್ಟಿದ್ದು ಗೆದ್ದಲು, ಅದರಲ್ಲಿ ಸೇರಿಕೊಂಡದ್ದು ಹಾವು ಎಂಬ ಅರ್ಥದ ಮಾತು ನಮ್ಮ ಜನರ ಬಾಯಲ್ಲಿ ಬಹುಕಾಲದಿಂದ ಇದೆ. ಗೆದ್ದಲಿನಿಂದ ಗಾಳಿಯ ವಿದ್ಯೆಯನ್ನು ಕಲಿಯಲು ವಾಸ್ತುಶಿಲ್ಪಿಗಳು ಹೊರಟದ್ದು ಈಚೆಗೆ. ಕಟ್ಟಿದವನಿಗೂ ಇರುವವನಿಗೂ ನಡುವೆ ಒಂದು ಲೆಕ್ಕ ಬಾಕಿಯಿದೆಯೆಂಬುದನ್ನು ಆ ಮಾತು ಆಡಿದ ಅನಾಮಧೇಯ ಒಕ್ಕಲಿಗನು ಅದೇ ಹುತ್ತವನ್ನು ನೋಡಿ ಎಂದೋ ಕಂಡುಕೊಂಡಿದ್ದ.